ಕಾಯಕದಲ್ಲಿ ಪ್ರಸನ್ನತೆ

ಸಂಜೆಯ ಹೊತ್ತು. ಕಚೇರಿಯಿಂದ ಮನೆಗೆ ಬಂದ ಗೃಹಸ್ಥನೊಬ್ಬನು ಕೈಕಾಲು ತೊಳೆದು, ಹಣೆಗೆ ವಿಭೂತಿಯನ್ನು ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಕುಳಿತಿದ್ದಾನೆ. ಕಣ್ಣು ಲಿಂಗದಲ್ಲಿ ನೆಟ್ಟಿದೆ. ಮನಸ್ಸು ಮಾತ್ರ ಇನ್ನೂ ಕಚೇರಿಯಲ್ಲಿಯೇ ಉಳಿದಿದೆ. ಮಧ್ಯಾಹ್ನ ಮೇಲಧಿಕಾರಿಯು ಎಲ್ಲರೆದುರಿಗೆ ಆಡಿದ ಬಿರುನುಡಿ, ತನಗೆ ಬರಬೇಕಾಗಿದ್ದ ಬಡ್ತಿಯು ತನಗಿಂತ ಕಿರಿಯನಿಗೆ ಹೋದದ್ದು, ತಾನು ದುಡಿದುದಕ್ಕೆ ಇನ್ನೊಬ್ಬನು ಹೆಸರು ಪಡೆದದ್ದು, ಇವೆಲ್ಲ ಒಂದರ ಹಿಂದೊಂದು ಬಂದು ಲಿಂಗಕ್ಕೂ ದೃಷ್ಟಿಗೂ ನಡುವೆ ನಿಲ್ಲುತ್ತವೆ. ಅರ್ಧ ಗಳಿಗೆ ಕಳೆದು ಅವನು ಮೇಲೇಳುತ್ತಾನೆ. ಪೂಜೆಯಾಯಿತೆಂದು ಮನೆಯವರು ತಿಳಿಯುತ್ತಾರೆ. ಆಯಿತೋ ಇಲ್ಲವೋ ಎಂಬುದು ಅವನೊಬ್ಬನಿಗೇ ಗೊತ್ತು.

ಎಚ್ಚರದ ಆಯುಷ್ಯದಲ್ಲಿ ಹೆಚ್ಚಿನ ಪಾಲನ್ನು ಮನುಷ್ಯನು ಉದ್ಯೋಗದಲ್ಲಿಯೇ ಕಳೆಯುತ್ತಾನೆ. ಆ ಪಾಲನ್ನೆಲ್ಲ ಬೇಸರದಲ್ಲಿ, ಹಗೆಯಲ್ಲಿ, ಅಸೂಯೆಯಲ್ಲಿ ಸವೆಸಿದವನು ಉಳಿದ ಅಲ್ಪಕಾಲದಲ್ಲಿ ಸದ್ಭಕ್ತನಾಗಿ ಬಾಳಬಲ್ಲನೇ? ಹೊಟ್ಟೆಯ ಪಾಡು ಬೇರೆ, ಭಕ್ತಿಯ ಹಾದಿ ಬೇರೆ ಎಂದು ಸಮಾಧಾನ ಹೇಳಿಕೊಳ್ಳುವವರುಂಟು. ಹಗಲು ಸಂಸಾರಕ್ಕೆ, ಬೆಳಗುಬೈಗು ದೇವರಿಗೆ ಎಂದು ದಿನವನ್ನು ಪಾಲು ಮಾಡಿ ಹಂಚಿಬಿಟ್ಟರೆ ಲೆಕ್ಕ ಸರಿಹೋಯಿತೆಂದು ಅವರ ಭಾವನೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಒಪ್ಪದಿದ್ದುದು ಈ ಪಾಲುಪಟ್ಟಿಯನ್ನೇ. ನೂಲುವ ರಾಟೆ, ಬಟ್ಟೆಯೊಗೆಯುವ ಬಂಡೆ, ದೋಣಿಯ ಹುಟ್ಟು, ಸುಂಕದ ಕಟ್ಟೆ, ಇವುಗಳಿಂದಾಚೆಗೆ ಇನ್ನೊಂದು ಪೂಜಾಸ್ಥಳವನ್ನು ಅವರು ಹುಡುಕಲಿಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಕದಿರೆಯ ರೆಮ್ಮವ್ವೆ, ಸುಂಕದ ಬಂಕಣ್ಣ ಎಂಬ ಹೆಸರುಗಳಲ್ಲಿ ಕಸುಬು ಹೆಸರಿನೊಡನೆ ಬೆಸೆದುಕೊಂಡಿರುವುದು ಕುಲವನ್ನು ತೋರಿಸುವುದಕ್ಕಲ್ಲ. ಅವರ ಅನುಭಾವಕ್ಕೆ ಆ ಕಸುಬೇ ನೆಲೆಯಾಗಿದ್ದುದರಿಂದ.

ಕಾಯಕವನ್ನೂ ಕೈಲಾಸವನ್ನೂ ಒಂದೆಂದು ಕಂಡ ಪ್ರಸಿದ್ಧವಾದ ಮಾತನ್ನು ಅನೇಕರು ಬಸವಣ್ಣನವರದೆಂದು ಹೇಳುವುದುಂಟು. ಅದು ದೊರೆಯುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಇದನ್ನು ಇಲ್ಲಿ ನೆನೆಯುವುದಕ್ಕೆ ಕಾರಣವುಂಟು. ಮಾರಯ್ಯನವರು ಮಂತ್ರಿಯಾಗಿರಲಿಲ್ಲ, ಪಂಡಿತರಾಗಿರಲಿಲ್ಲ. ಬಿದ್ದ ಅಕ್ಕಿಯನ್ನು ಆಯ್ದು ಬದುಕುತ್ತಿದ್ದವರು. ಉನ್ನತವಾದ ಅಧಿಕಾರದಲ್ಲಿದ್ದವನು ತನ್ನ ಕೆಲಸವೇ ಕೈಲಾಸವೆಂದರೆ ಕೇಳುವವರಿಗೆ ಅಷ್ಟೇನೂ ಆಶ್ಚರ್ಯವಾಗದು. ನೆಲಕ್ಕೆ ಬಾಗಿ ಕಾಳು ಆರಿಸುವವನ ಬಾಯಿಂದ ಆ ಮಾತು ಬಂದಿದೆ ಎಂದಾಗ ಅದರ ತೂಕ ಬೇರೆಯಾಗುತ್ತದೆ.

ಮಾರಯ್ಯನವರೂ ಅವರ ಧರ್ಮಪತ್ನಿ ಲಕ್ಕಮ್ಮನವರೂ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಬಳಿಯ ಅಮರೇಶ್ವರದ ಕಡೆಯವರು. ಕಲ್ಯಾಣಕ್ಕೆ ಬಂದು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತರು. ಗೋಷ್ಠಿಯೆಂದರೆ ಅನುಭಾವದ ಮಾತು. ಅದಕ್ಕಿಂತ ಹಿರಿದಾದುದು ಏನಿದೆ? ಆದರೆ ಲಕ್ಕಮ್ಮನವರು ಬಂದು, ಕಾಯಕ ನಿಂತಿದೆಯೆಂದು ಪತಿಯನ್ನು ಎಚ್ಚರಿಸಿ ಕಳುಹಿಸಿದರು. ಇನ್ನೊಮ್ಮೆ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ. ಅಷ್ಟೊಂದು ಅಕ್ಕಿಯ ಆಸೆ ಭಕ್ತನಿಗೇಕೆ, ಆಸೆ ಅರಸರಿಗಿರಲಿ ಎಂದು ಹೇಳಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಮಾಡಿದರು.

ಈ ಎರಡು ಪ್ರಸಂಗಗಳನ್ನು ಕಾಯಕನಿಷ್ಠೆಗೊಂದು, ನಿರಾಶೆಗೊಂದು ಎಂದು ಪುರಾಣ ಹೇಳುವವರು ಬಿಡಿಬಿಡಿಯಾಗಿ ಹೇಳುತ್ತಾರೆ. ಎರಡನ್ನೂ ಕೂಡಿಸಿ ನೋಡಿದರೆ ಮಾತ್ರ ಲಕ್ಕಮ್ಮನವರ ಮನಸ್ಸಿನ ಸ್ಥಿತಿ ಗೋಚರಿಸುತ್ತದೆ. ಕಾಯಕ ನಿಂತಾಗಲೂ ಆಕೆ ಸಹಿಸಲಿಲ್ಲ. ಕಾಯಕ ಅತಿಯಾಗಿ ಫಲಿಸಿದಾಗಲೂ ಸಹಿಸಲಿಲ್ಲ. ಇಂದು ಹೆಚ್ಚು ತಂದವನು ನಾಳೆ ಕಡಿಮೆ ತಂದಾಗ ಕುಗ್ಗುತ್ತಾನೆ. ಇಂದು ಹೊಗಳಿಕೆಯಿಂದ ಉಬ್ಬಿದವನು ನಾಳೆ ಮೌನವನ್ನು ಕಂಡು ಕೊರಗುತ್ತಾನೆ. ಉದ್ಯೋಗದಲ್ಲಿ ಜನರು ಪಡುವ ದುಃಖದಲ್ಲಿ ಬಹುಭಾಗವು ಕೆಲಸದ ಭಾರದಿಂದ ಬಂದುದಲ್ಲ, ಈ ಏರಿಳಿತದಿಂದ ಬಂದುದು. ಲಕ್ಕಮ್ಮನವರು ಏರಿಕೆಯನ್ನೇ ಅಂಗಳಕ್ಕೆ ಹಿಂದಿರುಗಿಸಿಬಿಟ್ಟರು. ಬಳಿಕ ಇಳಿತಕ್ಕೆ ಆ ಮನೆಯಲ್ಲಿ ಎಡೆಯೆಲ್ಲಿ? ಚಿತ್ತ ಶುದ್ಧವಾಗಿದ್ದು ಕಾಯಕ ಮಾಡುವವನಿಗೆ ಬಡತನವೆಂಬುದು ಇಲ್ಲವೆಂದು ಅವರು ಹೇಳಿದ್ದು ಬಡತನವನ್ನು ಕಾಣದೆ ಅಲ್ಲ. ಮನೆಯಲ್ಲಿ ಮರುದಿನಕ್ಕೆ ಕಾಳಿಲ್ಲದ ಸ್ಥಿತಿಯಲ್ಲಿಯೇ.

ಪ್ರಸನ್ನತೆ ಎಂಬ ಮಾತಿನ ಅರ್ಥವನ್ನು ಇಲ್ಲಿ ಕೊಂಚ ವಿಚಾರಿಸಬೇಕು. ಸಂಸ್ಕೃತದಲ್ಲಿ ಪ್ರಸನ್ನವೆಂದರೆ ಮೊದಲು ತಿಳಿಯಾದುದು ಎಂದರ್ಥ. ಮಳೆಗಾಲದಲ್ಲಿ ಕದಡಿದ ಕೆರೆಯ ನೀರು ಶರತ್ಕಾಲದಲ್ಲಿ ಬಗ್ಗಡವೆಲ್ಲ ತಳಕ್ಕಿಳಿದು ತಿಳಿಯಾದಾಗ ಅದನ್ನು ಪ್ರಸನ್ನಸಲಿಲವೆಂದು ಕರೆಯುವರು. ನಗುಮೊಗವೆಂಬ ಅರ್ಥ ಆಮೇಲೆ ಬಂದುದು. ಅಷ್ಟಾವರಣಗಳಲ್ಲಿ ಒಂದಾದ ಪ್ರಸಾದವೆಂಬ ಪದವೂ ಇದೇ ಧಾತುವಿನಿಂದ ಹುಟ್ಟಿದುದು. ಆದುದರಿಂದ ಕಾಯಕದಲ್ಲಿ ಪ್ರಸನ್ನನಾಗಿರು ಎಂದರೆ ಸದಾ ಹಲ್ಲು ಕಿಸಿಯುತ್ತಿರು ಎಂದು ಹೇಳಿದಂತಾಗುವುದಿಲ್ಲ. ಈಗಿನ ದೊಡ್ಡ ಸಂಸ್ಥೆಗಳಲ್ಲಿ ನೌಕರರು ಉಲ್ಲಾಸದಿಂದಿರುವ ಬಗೆಯನ್ನು ಕಲಿಸಲು ತರಬೇತಿದಾರರನ್ನು ಕರೆಸುತ್ತಾರೆ. ಗೋಡೆಗಳ ಮೇಲೆ ಹಿತವಚನಗಳನ್ನು ಅಂಟಿಸುತ್ತಾರೆ. ಅದರಿಂದ ಕೆಲವರಿಗೆ ಉಪಕಾರವಾಗಿರಬಹುದು. ಆದರೆ ನಗುವುದೂ ಕೆಲಸದ ಒಂದು ಕರಾರಾದಾಗ, ಒಳಗೆ ಕದಡಿದ ನೀರಿನ ಮೇಲೆ ಹೂವನ್ನು ತೇಲಿಬಿಟ್ಟಂತಾಗುತ್ತದೆ. ಶರಣರ ಪ್ರಸನ್ನತೆಯು ಬಗ್ಗಡವನ್ನು ಕೆಳಗಿಳಿಸುವ ಸಾಧನೆ.

ಬಗ್ಗಡವೆಂದರೆ ಯಾವುದು? ಮುಖ್ಯವಾಗಿ ಎರಡು. ಒಂದು, ಅಂಜಿಕೆ, ಇನ್ನೊಂದು, ಹೋಲಿಕೆ. ಅಂಜಿಕೆಯ ಮೂಲವು ಅನೇಕ ಸಲ ತನ್ನಲ್ಲಿಯೇ ಇರುತ್ತದೆ. ಬೀದಿಯ ಕಸಗುಡಿಸುವ ಕಾಯಕವನ್ನು ಮಾಡುತ್ತಿದ್ದ ಸತ್ಯಕ್ಕನವರು, ಲಂಚ ವಂಚನೆಗಳಿಗೆ ಕೈಯೊಡ್ಡುವುದಿಲ್ಲವೆಂದೂ, ದಾರಿಯಲ್ಲಿ ಹೊನ್ನು ಬಟ್ಟೆಗಳು ಬಿದ್ದಿದ್ದರೂ ಕೈಮುಟ್ಟಿ ಎತ್ತುವುದಿಲ್ಲವೆಂದೂ ಪ್ರತಿಜ್ಞೆ ಮಾಡಿದವರು. ಎಂಟುನೂರು ವರ್ಷಗಳ ಹಿಂದೆ ಪೊರಕೆ ಹಿಡಿದ ಹೆಣ್ಣುಮಗಳೊಬ್ಬಳು ಲಂಚವೆಂಬ ಪದವನ್ನೇ ಎತ್ತಿ ಆಡಿದ್ದಾಳೆ ಎಂಬುದು ಲೇಖನಿ ಹಿಡಿದವರ ಗಮನಕ್ಕೆ ಬರಬೇಕು. ಮೇಜಿನ ಕೆಳಗಿನಿಂದ ಹಣ ಪಡೆದವನಿಗೆ ಬಾಗಿಲಲ್ಲಿ ಹೊಸ ಮುಖ ಕಂಡರೆ ಎದೆ ಡವಗುಟ್ಟುತ್ತದೆ. ಲೆಕ್ಕಪರಿಶೋಧಕರು ಬರುವ ದಿನ ಅನ್ನ ಇಳಿಯುವುದಿಲ್ಲ. ಅಂತಹವನಿಗೆ ಯಾವ ತರಬೇತಿಯಿಂದ ಉಲ್ಲಾಸ ಬಂದೀತು? ಸತ್ಯಕ್ಕನವರು ಬೀದಿಯನ್ನು ಗುಡಿಸುತ್ತ ಹೋಗುವಾಗ ಅವರು ಕಂಡು ಅಂಜಬೇಕಾದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಹೋಲಿಕೆಯ ಬಗ್ಗಡವು ಇದಕ್ಕಿಂತ ಸೂಕ್ಷ್ಮ. ಸತ್ಯವಂತನನ್ನೂ ಅದು ಬಿಡುವುದಿಲ್ಲ. ಸತ್ಯವಂತನನ್ನೇ ಹೆಚ್ಚಾಗಿ ಹಿಡಿಯುತ್ತದೆ ಎಂದರೂ ತಪ್ಪಾಗದು. ತಾನು ಒಂದು ಕಾಸು ಮುಟ್ಟಲಿಲ್ಲ, ಆದರೂ ತನಗೆ ವರ್ಗಾವಣೆ, ಮುಟ್ಟಿದವನಿಗೆ ಮನ್ನಣೆ. ಈ ಮಾತನ್ನು ದಿನವೂ ಮೆಲುಕು ಹಾಕುವವನು ತನ್ನ ಸತ್ಯವನ್ನೇ ಒಂದು ಸಾಲವೆಂದು ಭಾವಿಸಿ, ಲೋಕದಿಂದ ಬಡ್ಡಿಯನ್ನು ವಸೂಲಿ ಮಾಡಲು ನಿಂತಿರುತ್ತಾನೆ. ಬಡ್ಡಿ ಬಾರದಿದ್ದಾಗ ಅವನ ಮಾತಿನಲ್ಲಿ ಕಹಿ ಹುಟ್ಟುತ್ತದೆ. ಆ ಕಹಿ ಮೊದಲು ಸೋಂಕುವುದು ಏನೂ ಅರಿಯದ ಹೆಂಡತಿಮಕ್ಕಳಿಗೆ, ಇಲ್ಲವೆ ಅರ್ಜಿ ಹಿಡಿದು ನಿಂತ ಬಡ ರೈತನಿಗೆ. ಮೇಲಿನವನು ಮಾಡಿದ ಅನ್ಯಾಯವನ್ನು ಕೆಳಗಿನವನ ಮೇಲೆ ತೀರಿಸಿಕೊಳ್ಳುವ ಈ ವ್ಯವಹಾರವು ಕಚೇರಿಗಳಲ್ಲಿ ಎಷ್ಟು ಸಾಮಾನ್ಯವೆಂದರೆ, ಅದನ್ನು ತಪ್ಪೆಂದು ಎಣಿಸುವವರೇ ಕಡಿಮೆ.

ಇಲ್ಲಿ ಒಂದು ಬಲವಾದ ಆಕ್ಷೇಪಣೆ ಬರುತ್ತದೆ. ಅದನ್ನು ಹಾರಿಸಿ ಮುಂದೆ ಹೋಗುವುದು ಸರಿಯಲ್ಲ. ಇದ್ದುದರಲ್ಲಿ ತೃಪ್ತನಾಗಿರು, ಮಾಡುವುದನ್ನು ಪ್ರಸನ್ನನಾಗಿ ಮಾಡು ಎಂಬ ಬೋಧೆ ದುಡಿಸಿಕೊಳ್ಳುವವರಿಗೆ ಬಹು ಅನುಕೂಲವಾದುದಲ್ಲವೇ? ಅಂಗಡಿಯ ಯಜಮಾನನು ಗುಮಾಸ್ತನಿಗೆ ಮೂರು ವರ್ಷದಿಂದ ಸಂಬಳ ಏರಿಸಿಲ್ಲ. ಹೊಲದೊಡೆಯನು ಕೂಲಿಯನ್ನು ಬಾಕಿ ಉಳಿಸಿದ್ದಾನೆ. ಶಾಲೆಯ ಆಡಳಿತದವರು ಉಪಾಧ್ಯಾಯನಿಂದ ಪೂರ್ತಿ ಸಂಬಳಕ್ಕೆ ಸಹಿ ಪಡೆದು ಅರ್ಧವನ್ನೇ ಕೊಡುತ್ತಾರೆ. ಅವರೇ ಬಸವಜಯಂತಿಯ ವೇದಿಕೆಯ ಮೇಲೆ ನಿಂತು ಕಾಯಕದ ಮಹಿಮೆಯನ್ನು ವಿವರಿಸುತ್ತಾರೆ. ಹಸಿದವನಿಗೆ ತೃಪ್ತಿಯನ್ನು ಬೋಧಿಸುವುದು ಉಂಡವನಿಗೆ ಸುಲಭ. ಶರಣರ ಮಾತು ಹೀಗೆ ಬಳಕೆಯಾಗುವುದಾದರೆ ಅದು ಅಫೀಮಿನಂತಾಗಲಿಲ್ಲವೇ?

ಈ ಆಕ್ಷೇಪಣೆಗೆ ಉತ್ತರವು ಲಕ್ಕಮ್ಮನವರ ಕಥೆಯಲ್ಲಿಯೇ ಇದೆ. ಹೆಚ್ಚು ಬೇಡವೆಂದು ಆಕೆ ಹೇಳಿದ್ದು ತನ್ನ ಪತಿಗೆ, ತನ್ನ ಒಲೆಯ ಮುಂದೆ, ತನ್ನ ಪಾಲಿನ ಅಕ್ಕಿಯನ್ನು ಕುರಿತು. ನೆರೆಮನೆಯವರ ಕೊಳಗವನ್ನು ಅಳೆಯಲು ಆಕೆ ಹೋಗಲಿಲ್ಲ. ತೃಪ್ತಿಯೆಂಬುದು ತಾನು ತೆಗೆದುಕೊಳ್ಳಬೇಕಾದ ವ್ರತ. ಕೂಲಿಯ ಬದಲಿಗೆ ಅದನ್ನು ಮತ್ತೊಬ್ಬನ ಕೈಗೆ ಹಾಕಿದರೆ ಅದು ಮೋಸ. ಅಷ್ಟೇ ಅಲ್ಲ, ಅಕ್ಕಿಯನ್ನು ಆಯುತ್ತಿದ್ದ ಆ ದಂಪತಿಗಳು ಯಾರ ಆಳುಗಳೂ ಆಗಿರಲಿಲ್ಲ. ಬಸವಣ್ಣನವರ ಅಂಗಳದಲ್ಲಿ ಆಯ್ದರೂ ಬಸವಣ್ಣನವರ ಹಂಗಿನಲ್ಲಿರಲಿಲ್ಲ. ಹೆಚ್ಚನ್ನು ಒಲ್ಲೆನೆನ್ನುವ ಸ್ವಾತಂತ್ರ್ಯ ಅವರಿಗಿತ್ತು. ಅದಿಲ್ಲದವನು ಕಡಿಮೆಯನ್ನು ಸುಮ್ಮನೆ ನುಂಗಿಕೊಳ್ಳುವುದು ತೃಪ್ತಿಯೆನಿಸದು.

ನುಲಿಯ ಚಂದಯ್ಯನವರ ಕಥೆ ಈ ವಿಷಯವನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಹುಲ್ಲನ್ನು ಕೊಯ್ದು ತಂದು ಹಗ್ಗ ಹೊಸೆದು ಮಾರಿ ದಾಸೋಹ ಮಾಡುವುದು ಅವರ ಕಾಯಕ. ಒಮ್ಮೆ ಹುಲ್ಲು ಕೊಯ್ಯುತ್ತಿದ್ದಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತು. ಚಂದಯ್ಯನವರು ಅದನ್ನೆತ್ತಿಕೊಳ್ಳಲು ನಿಲ್ಲದೆ ಕಾಯಕದಲ್ಲಿಯೇ ಮುಂದುವರಿದರು. ಲಿಂಗದೇವನೇ ಹಿಂದೆ ಬಂದು ಅಂಗಲಾಚಿದನಂತೆ! ಮಡಿವಾಳ ಮಾಚಯ್ಯನವರು ನಡುವೆ ಬಂದು ಚಂದಯ್ಯನವರಿಗೆ ಬುದ್ಧಿ ಹೇಳಬೇಕಾಯಿತು. ಆಮೇಲೆ ಹಗ್ಗವನ್ನು ಮಾರುವ ಕೆಲಸ ಲಿಂಗದೇವನ ಪಾಲಿಗೆ ಬಂದಿತು. ಬಸವಣ್ಣನವರು ಭಕ್ತಿಯಿಂದ ಬೆಲೆಗೆ ಮೀರಿದ ಹೊನ್ನನ್ನು ಕೊಟ್ಟರು. ಚಂದಯ್ಯನವರು ಅದನ್ನು ಒಪ್ಪಲಿಲ್ಲ. ಹಗ್ಗಕ್ಕೆ ಎಷ್ಟು ಬೆಲೆಯೋ ಅಷ್ಟೇ ಬೇಕು. ಭಕ್ತಿಯ ಹೆಸರಿನಲ್ಲಿ ಬಂದ ಹೆಚ್ಚಳವೂ ಕಾಯಕವನ್ನು ಕೆಡಿಸುತ್ತದೆಂಬುದು ಅವರ ನಿಲುವು.

ಶ್ರೋತೃಗಳು ಈ ಕಥೆಯನ್ನು ಕೇಳಿ ಚಂದಯ್ಯನವರ ನಿಃಸ್ಪೃಹತೆಗೆ ತಲೆದೂಗುತ್ತಾರೆ. ತಲೆದೂಗುವವರು ಮಾಡದಿರುವ ಒಂದು ಲೆಕ್ಕವುಂಟು. ಕಾಯಕಕ್ಕೆ ತಕ್ಕ ಬೆಲೆಯೆಂಬುದು ಒಂದಿದೆಯೆಂದು ಚಂದಯ್ಯನವರು ಒಪ್ಪಿದ್ದಾರೆ. ತಕ್ಕ ಬೆಲೆಗಿಂತ ಹೆಚ್ಚನ್ನು ಕೊಡುವುದೇ ದೋಷವಾದರೆ, ಕಡಿಮೆ ಕೊಡುವುದು ಎಷ್ಟು ದೊಡ್ಡ ದೋಷವಾಗಬೇಕು? ಪಡೆಯುವವನು ಹೆಚ್ಚನ್ನು ನಿರಾಕರಿಸಬೇಕಾದಂತೆ, ಕೊಡುವವನು ಕಡಿಮೆಗೆ ನಾಚಬೇಕು. ಆದುದರಿಂದ ನ್ಯಾಯವಾದ ಕೂಲಿಯನ್ನು ಕೇಳುವ ಕೆಲಸಗಾರನು ಪ್ರಸನ್ನತೆಯನ್ನು ಕಳೆದುಕೊಂಡನೆಂದು ಹೇಳಲಾಗದು. ತಿಳಿಯಾದ ಮನಸ್ಸಿನಿಂದ, ಬೈಗುಳವಿಲ್ಲದೆ, ಅಂಜದೆ, ತನ್ನ ಪಾಲನ್ನು ಕೇಳುವುದು ಕಾಯಕಧರ್ಮದೊಳಗಿನ ಮಾತೇ. ಕೇಳಿದ ಮರುದಿನವೂ ಹಗ್ಗವನ್ನು ಗಟ್ಟಿಯಾಗಿಯೇ ಹೊಸೆಯಬೇಕು ಎಂಬುದಷ್ಟೇ ಉಳಿದದ್ದು. ಸಂಬಳ ಕಡಿಮೆಯೆಂದು ಸಡಿಲವಾಗಿ ಹೊಸೆದ ಹಗ್ಗವು ಯಜಮಾನನ ಕೈಯಲ್ಲಿ ಕಡಿಯುವುದಿಲ್ಲ. ಅದನ್ನು ನಂಬಿ ಬಾವಿಗೆ ಕೊಡವನ್ನಿಳಿಸಿದವಳ ಕೈಯಲ್ಲಿ ಕಡಿಯುತ್ತದೆ.

ಚಂದಯ್ಯನವರ ಕಥೆಯ ಮೊದಲ ಭಾಗದಲ್ಲಿ ಇನ್ನೊಂದು ತಿಳಿವಳಿಕೆಯಿದೆ. ಕಾಯಕದ ಮುಂದೆ ಗುರು ಲಿಂಗ ಜಂಗಮಗಳನ್ನೂ ಮರೆಯಬೇಕೆಂಬ ಮಾರಯ್ಯನವರ ಅಭಿಪ್ರಾಯವನ್ನೂ, ಲಿಂಗವನ್ನು ಬಿಟ್ಟು ನಡೆದ ಚಂದಯ್ಯನವರ ವರ್ತನೆಯನ್ನೂ ನೆಪವಾಗಿಟ್ಟುಕೊಂಡು, ರಾತ್ರಿ ಹತ್ತರವರೆಗೆ ಗಣಕಯಂತ್ರದ ಮುಂದೆಯೋ ಗಲ್ಲಾಪೆಟ್ಟಿಗೆಯ ಮುಂದೆಯೋ ಕುಳಿತು, ಪೂಜೆಯನ್ನೂ ಮಕ್ಕಳ ಮುಖವನ್ನೂ ಮರೆತವರು ತಮ್ಮನ್ನು ಕಾಯಕಯೋಗಿಗಳೆಂದು ಕರೆದುಕೊಳ್ಳುವುದುಂಟು. ಮಾಚಯ್ಯನವರು ಚಂದಯ್ಯನವರನ್ನು ತಡೆದದ್ದನ್ನು ಅವರು ಓದಿಲ್ಲ. ಅಲ್ಲದೆ, ಆ ಶರಣರ ಕಾಯಕದ ಫಲವು ಜಂಗಮಕ್ಕೆ, ಸಮಾಜಕ್ಕೆ ಸಲ್ಲುತ್ತಿತ್ತು. ಮಾರಯ್ಯ ದಂಪತಿಗಳು ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ ಮಾಡಿದರೆಂದು ಪುರಾಣ ಹೇಳುವ ಸಂಖ್ಯೆ ಏನೇ ಇರಲಿ, ಆಯ್ದ ಅಕ್ಕಿ ಅವರ ಕಣಜದಲ್ಲಿ ಕೂಡಲಿಲ್ಲ ಎಂಬುದು ಅದರ ತಾತ್ಪರ್ಯ. ಬಡ್ತಿಗಾಗಿ ದುಡಿಯುವ ದುಡಿತವನ್ನು ಯಾರೂ ತಪ್ಪೆನ್ನಬೇಕಾಗಿಲ್ಲ. ಆದರೆ ಅದನ್ನು ಕಾಯಕವೆಂದು ಕರೆಯುವ ಮೊದಲು ದಾಸೋಹ ಎಲ್ಲಿದೆಯೆಂದು ಕೇಳಿಕೊಳ್ಳಬೇಕು. ಗಳಿಸಿದುದು ಪದಾರ್ಥ, ಅರ್ಪಿತವಾದ ಮೇಲೆ ಅದು ಪ್ರಸಾದ. ಅರ್ಪಿತವಾಗದ ಗಳಿಕೆಯು ಎಷ್ಟು ಹೆಚ್ಚಾದರೂ ಅದನ್ನುಂಡವನಲ್ಲಿ ಪ್ರಸನ್ನತೆ ಹುಟ್ಟದಿರುವುದು ಆಶ್ಚರ್ಯವಲ್ಲ; ಎರಡೂ ಒಂದೇ ಬೇರಿನವು.

ಅಧಿಕಾರದಲ್ಲಿರುವವರಿಗೆ ಬಸವಣ್ಣನವರ ಬಾಳೇ ಮೇಲ್ಪಂಕ್ತಿ. ಅವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು; ಇಂದಿನ ಮಾತಿನಲ್ಲಿ ಹೇಳುವುದಾದರೆ ಸರ್ಕಾರಿ ನೌಕರಿಯಲ್ಲಿದ್ದವರು. ಜೊತೆಯವರ ಹೊಟ್ಟೆಕಿಚ್ಚು ಅವರನ್ನು ಬಿಡಲಿಲ್ಲ. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಅರಸನ ಕಿವಿಗೆ ಚಾಡಿ ಬಿದ್ದಿತೆಂದೂ, ಲೆಕ್ಕ ನೋಡಿದಾಗ ಎಲ್ಲವೂ ಸರಿಯಾಗಿದ್ದಿತೆಂದೂ ಪುರಾಣಗಳು ಹೇಳುತ್ತವೆ. ಪುರಾಣದಲ್ಲಿ ಪವಾಡದ ಬಣ್ಣವಿರಬಹುದು. ಆದರೆ ಹೊನ್ನಿನಲ್ಲಾಗಲಿ, ವಸ್ತ್ರದಲ್ಲಾಗಲಿ, ಧಾನ್ಯದಲ್ಲಾಗಲಿ ಎಳ್ಳಷ್ಟನ್ನೂ ನಾಳೆಗೆಂದು ತನಗಾಗಿ ಬಯಸೆನೆಂಬ ಅವರ ಸಂಕಲ್ಪವನ್ನು ಅವರ ವಚನಗಳೇ ಸಾರುತ್ತವೆ. ಇಂತಹ ಸಂಕಲ್ಪದವನಿಗೆ ಲೆಕ್ಕದ ಪುಸ್ತಕವನ್ನು ತೆರೆಯಿಸಲು ಭಯವೇನು? ಚಾಡಿ ಹೇಳಿದವರ ಮೇಲೆ ಹಗೆ ಸಾಧಿಸುವುದಕ್ಕೂ ಅವರಿಗೆ ಬಿಡುವಿರಲಿಲ್ಲ. ಮಾಡಬೇಕಾದ ಕೆಲಸ ಅಷ್ಟಿತ್ತು.

ಅದೇ ಬಸವಣ್ಣನವರು ಕೊನೆಗೆ ಆ ಅಧಿಕಾರವನ್ನು ಬಿಟ್ಟು ಕೂಡಲಸಂಗಮಕ್ಕೆ ನಡೆದರು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ವಿವಾಹ, ಅದರ ಫಲವಾಗಿ ಶರಣರಿಗೆ ವಿಧಿಸಲ್ಪಟ್ಟ ಕ್ರೂರ ಶಿಕ್ಷೆ, ಇವು ಭಕ್ತರೆಲ್ಲರಿಗೂ ತಿಳಿದ ಸಂಗತಿಗಳು. ಪ್ರಸನ್ನತೆಯೆಂದರೆ ಏನನ್ನಾದರೂ ಸಹಿಸಿಕೊಂಡು ಕುರ್ಚಿಯಲ್ಲಿ ಉಳಿಯುವುದೆಂದು ತಿಳಿದಿದ್ದರೆ ಅವರು ಕಲ್ಯಾಣದಲ್ಲಿಯೇ ಉಳಿಯಬಹುದಾಗಿತ್ತು. ಮೇಲಧಿಕಾರಿಯ ಸಿಡುಕನ್ನು ತಾಳಿಕೊಳ್ಳುವುದು ಒಂದು. ಅವನು ಮಾಡಿಸುವ ಅನ್ಯಾಯಕ್ಕೆ ಕೈಜೋಡಿಸುವುದು ಮತ್ತೊಂದು. ಮೊದಲನೆಯದರಲ್ಲಿ ತಾಳ್ಮೆ ಬೇಕು, ಎರಡನೆಯದರಲ್ಲಿ ಎದ್ದು ಹೊರಡುವ ಧೈರ್ಯ ಬೇಕು. ಇವೆರಡರ ನಡುವಿನ ಗೆರೆ ಎಲ್ಲಿದೆಯೆಂಬುದನ್ನು ಯಾವ ಗ್ರಂಥವೂ ಮುಂಗಡವಾಗಿ ಎಳೆದುಕೊಡಲಾರದು. ಸಂಸಾರದ ಹೊಣೆ ಹೊತ್ತವನಿಗೆ ಆ ನಿರ್ಣಯ ಬಹು ಕಠಿಣ; ಅವನ ಮೇಲೆ ಹೊರಗಿನವರು ತೀರ್ಪು ಕೊಡಲು ಅವಸರಪಡಬಾರದು.

ಬೆಂಗಳೂರಿನ ವಿಧಾನಸೌಧದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಬರೆಯಿಸಿದೆ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಕಟ್ಟಲ್ಪಟ್ಟು 1956ರಲ್ಲಿ ಪೂರ್ಣಗೊಂಡ ಆ ಭವ್ಯ ಕಟ್ಟಡದ ಈ ಬರಹವನ್ನು ನೋಡಿ ನಗುವವರೂ ಉಂಟು. ಶರಣರಾಗಿದ್ದರೆ ಆ ಬರಹದಲ್ಲಿ ಒಂದೇ ಒಂದು ತಿದ್ದುಪಡಿಯನ್ನು ಸೂಚಿಸುತ್ತಿದ್ದರು. ಸರ್ಕಾರದ ಕೆಲಸವೆಂಬ ಕಾರಣಕ್ಕೆ ಅದು ದೇವರದಾಗುವುದಿಲ್ಲ. ಮಾಡುವ ಬಗೆಯಿಂದ ಆಗುತ್ತದೆ. ಕಟ್ಟಡದೊಳಗೆ ಕಡತಕ್ಕೆ ಸಹಿ ಹಾಕುವವನದೂ, ಹೊರಗೆ ಮೆಟ್ಟಿಲು ಒರೆಸುವವಳದೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಕರ್ನಾಟಕ ಸರ್ಕಾರವು 2024ರಲ್ಲಿ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿ, ಕಚೇರಿಗಳಲ್ಲಿ ಅವರ ಭಾವಚಿತ್ರವನ್ನಿಡಲು ಆದೇಶಿಸಿತು. ಸಂತೋಷದ ವಿಷಯವೇ. ಆ ಚಿತ್ರದ ಕೆಳಗೆ ಕುಳಿತವನು ಅರ್ಜಿ ತಂದ ಮುದುಕಿಗೆ ನಾಳೆ ಬಾ ಎನ್ನುವಾಗ, ಗೋಡೆಯ ಕಡೆಗೊಮ್ಮೆ ನೋಡಿದರೆ ಆ ಖರ್ಚು ಸಾರ್ಥಕವಾದೀತು.

ಇನ್ನು ಕೆಲಸವು ಫಲ ಕೊಡುವ ಸೂಚನೆಯೇ ಕಾಣದಿದ್ದಾಗ ಮನಸ್ಸು ತಿಳಿಯಾಗಿರಬಲ್ಲುದೇ ಎಂಬ ಪ್ರಶ್ನೆ. ಇದಕ್ಕೆ ಕಲ್ಯಾಣದವರೆಗೆ ಹೋಗಬೇಕಾಗಿಲ್ಲ. ಫ. ಗು. ಹಳಕಟ್ಟಿಯವರು (1880–1964) ವೃತ್ತಿಯಿಂದ ವಕೀಲರು. ವಿಜಾಪುರದಲ್ಲಿ ಒಳ್ಳೆಯ ಹೆಸರು ಮಾಡಿದ್ದವರು. ಊರೂರು ತಿರುಗಿ, ಮನೆಮನೆಯ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಳೆಗರಿಯ ಕಟ್ಟುಗಳನ್ನು ಬೇಡಿ ತಂದು, ವಚನಗಳನ್ನು ಪ್ರತಿಮಾಡಿದರು. ಅಚ್ಚಿಗೆಂದು ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿಸಿದ ಹಸ್ತಪ್ರತಿ ಹಿಂದಿರುಗಿ ಬಂದಿತು. ಅವರು ಅದನ್ನು ಬೆಳಗಾವಿಯಲ್ಲಿ ಅಚ್ಚುಹಾಕಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. ಪರರ ಮುದ್ರಣಾಲಯವನ್ನು ನಂಬಿ ಕೆಲಸ ಸಾಗದೆಂದು ಕಂಡು, ಇದ್ದ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು.

ವಕೀಲಿಯ ಆದಾಯ ಸೊರಗಿತು, ಬಡತನ ಮನೆಯನ್ನು ಹೊಕ್ಕಿತು. ಮಾಡುತ್ತಿದ್ದ ಕೆಲಸದ ಬೆಲೆಯನ್ನು ಅರಿತವರು ಆ ಕಾಲದಲ್ಲಿ ಕೆಲವರೇ. ಅವರ ಬಾಳನ್ನು ನೋಡಿದವರು ಹರಿದ ಕೋಟಿನ ಮಾತನ್ನು ಹೇಳುತ್ತಾರೆಯೇ ಹೊರತು ಕಹಿಯಾದ ಮಾತಿನ ಕಥೆಯನ್ನು ಹೇಳುವುದಿಲ್ಲ. ದಿನಕ್ಕಿಷ್ಟು ಗರಿ ಓದುವುದು, ಇಷ್ಟು ಕರಡು ತಿದ್ದುವುದು, ಹೀಗೆ ಒಂದರ ಬಳಿಕ ಒಂದು. ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಾಗ ಅವರಿಗೆ ಎಪ್ಪತ್ತಾರರ ಆಸುಪಾಸು. ಮನ್ನಣೆಯನ್ನೇ ಕಾಯುತ್ತ ಕುಳಿತಿದ್ದರೆ ಆ ಮೂರು ದಶಕಗಳು ಹೇಗೆ ಕಳೆಯುತ್ತಿದ್ದವು? ಲಕ್ಕಮ್ಮನವರ ಮಾತೂ, ಸತ್ಯಕ್ಕನವರ ಮಾತೂ ಇಂದು ಅಚ್ಚಿನಲ್ಲಿ ಕೈಗೆ ಸಿಗುತ್ತಿರುವುದು ಬಹುಮಟ್ಟಿಗೆ ಆ ಹರಿದ ಕೋಟಿನ ಕೃಪೆಯಿಂದ.

ಕೆಲಸವನ್ನು ಆರಂಭಿಸುವ ಮುನ್ನ ನೇಕಾರನು ಮಗ್ಗಕ್ಕೂ, ವ್ಯಾಪಾರಿಯು ತಕ್ಕಡಿಗೂ, ಬಂಡಿ ಓಡಿಸುವವನು ನೊಗಕ್ಕೋ ಚಕ್ರಕ್ಕೋ ಕೈಮುಟ್ಟಿ ನಮಸ್ಕರಿಸುವ ವಾಡಿಕೆ ಈ ನಾಡಿನಲ್ಲಿ ಇನ್ನೂ ಅಳಿದಿಲ್ಲ. ಅದನ್ನು ಬರಿಯ ಶಕುನಕ್ಕಾಗಿ ಮಾಡುವವರು ಹೆಚ್ಚು. ತಕ್ಕಡಿಗೆ ನಮಸ್ಕರಿಸಿದ ಕೈಯೇ ತೂಕದಲ್ಲಿ ಕಳ್ಳತನ ಮಾಡಿದರೆ ಆ ನಮಸ್ಕಾರಕ್ಕೆ ಏನೆನ್ನಬೇಕು? ಆದರೆ ಆ ಒಂದು ಕ್ಷಣದಲ್ಲಿ ಮನಸ್ಸನ್ನು ತಡೆದು ನಿಲ್ಲಿಸಿ, ನಿನ್ನೆಯ ಬಗ್ಗಡವನ್ನು ನಿನ್ನೆಗೇ ಬಿಟ್ಟು, ಎದುರಿಗಿರುವ ನೂಲನ್ನು, ಎದುರಿಗೆ ನಿಂತ ಗಿರಾಕಿಯನ್ನು ನೋಡಲು ಸಾಧ್ಯವಾದರೆ ಅದು ಚಿಕ್ಕ ಸಾಧನೆಯೇನಲ್ಲ. ಮನೆಯವರ ಪಾಲೂ ಇದರಲ್ಲಿದೆ. ದುಡಿದು ಬಂದವನನ್ನು ಹೊಸ್ತಿಲಲ್ಲಿಯೇ ತಡೆದು ಎಷ್ಟು ಬಂತು, ಅವರಿಗೆ ಏರಿಸಿದಂತೆ ನಿಮಗೇಕೆ ಏರಿಸಲಿಲ್ಲ ಎಂದು ಕೇಳುವ ಮನೆಯಲ್ಲಿ ಮಾರಯ್ಯನವರೂ ಬಹುಕಾಲ ಪ್ರಸನ್ನರಾಗಿ ಉಳಿಯುತ್ತಿದ್ದರೋ ಇಲ್ಲವೋ. ಈಗ ಹೆಣ್ಣುಮಕ್ಕಳೂ ಹೊರಗೆ ದುಡಿದು, ಒಳಗೂ ದುಡಿಯುತ್ತಾರೆ. ಲಕ್ಕಮ್ಮನವರ ಪಾತ್ರವನ್ನು ಗಂಡಸರೂ ವಹಿಸಿಕೊಳ್ಳುವ ಕಾಲ ಬಂದಿದೆ.

ಕೊನೆಯದಾಗಿ ನಿವೃತ್ತರ ವಿಷಯ. ಅರವತ್ತು ತುಂಬಿ ಹಾರ ಹಾಕಿಸಿಕೊಂಡು ಮನೆಗೆ ಬಂದವನು ಎಷ್ಟೋ ಸಲ ಕೆಲಸದಲ್ಲಿದ್ದಾಗ ಬೈದ ಅದೇ ಕಚೇರಿಯನ್ನು ನೆನೆದು ಮಂಕಾಗುತ್ತಾನೆ. ಕುರ್ಚಿ ಹೋದೊಡನೆ ಕಾಯಕವೂ ಹೋಯಿತೆಂದು ಅವನ ಎಣಿಕೆ. ತುಮಕೂರಿನ ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಮಹಾಸ್ವಾಮಿಗಳು 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದವರು. 1941ರಿಂದ ಮಠದ ಹೊಣೆಯನ್ನು ಹೊತ್ತು, ಸಾವಿರಾರು ಮಕ್ಕಳ ಅನ್ನ ಅಕ್ಷರಗಳನ್ನು ನೋಡಿಕೊಂಡವರು. ನೂರು ದಾಟಿದ ಮೇಲೂ ಅವರು ಮಕ್ಕಳ ಪ್ರಾರ್ಥನೆಗೆ ಬಂದು ಕುಳಿತುಕೊಳ್ಳುತ್ತಿದ್ದುದನ್ನು ಕಂಡವರು ಲಕ್ಷಾಂತರ. ಅಷ್ಟು ಎತ್ತರ ಎಲ್ಲರಿಗೂ ಎಟುಕದಿರಬಹುದು. ಆದರೆ ದಾಸೋಹ ನಡೆಯುವ ಯಾವುದೇ ಮಠದಲ್ಲಿ ಮುಂಜಾನೆ ಹೋಗಿ ನೋಡಿದರೆ, ಹಿಂದೆ ಉಪಾಧ್ಯಾಯರೋ ಗುಮಾಸ್ತರೋ ಆಗಿದ್ದ ಒಬ್ಬಿಬ್ಬರು ಹಿರಿಯರು ಮೊರದ ಮುಂದೆ ಕುಳಿತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿರುವುದು ಕಾಣುತ್ತದೆ. ಅವರ ಹೆಸರನ್ನು ಯಾರೂ ಕೇಳುವುದಿಲ್ಲ. ಕೇಳಬೇಕೆಂದು ಅವರೂ ತಲೆಯೆತ್ತಿ ನೋಡುವುದಿಲ್ಲ. ಊಟದ ಗಂಟೆಯ ಹೊತ್ತಿಗೆ ಮೊರ ಮುಗಿಯಬೇಕಾಗಿರುತ್ತದೆ.